ಚಾರ್ಮಾಡಿ ಇಳಿಯುವ ಮೊದಲು

ಹಾಸನದ ಮನೆಯಿಂದ ಹೊರಡುವಾಗ ಅಪ್ಪ ಕಾರಿನ ಕೀ ತಂದು ನನ್ನ ಕೈಗಿಟ್ಟು, "ನೀನೇ ಓಡಿಸ್ಕೊಂಡು ಹೋಗು" ಅಂದರು. ಏನೋ ಸರಿಯಿಲ್ಲ ಅಂತ ನನಗೆ ಆಗಲೇ ಅನ್ನಿಸಬೇಕಿತ್ತು. 2004ರಲ್ಲಿ ಈ ಕಾರು ಮನೆಗೆ ಬಂದಾಗಿನಿಂದ ಅಪ್ಪ ಪಕ್ಕದ ಸೀಟಲ್ಲಿ ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ನಾನು ಡ್ರೈವಿಂಗ್ ಕಲಿತ ಮೇಲೂ ಊರೊಳಗೆ ಮಾತ್ರ ಕೊಡೋರು, ಹೈವೇ ಬಂತು ಅಂದ್ರೆ "ಈ ಕಡೆ ಬಾ" ಅಂತ ಜಾಗ ಬದಲಾಯಿಸೋರು.

ನವೆಂಬರ್ ತಿಂಗಳ ಒಂದು ಶನಿವಾರ. ಅಮ್ಮನಿಗೆ ಧರ್ಮಸ್ಥಳಕ್ಕೆ ಹೋಗಬೇಕಿತ್ತು. ಹಾಸನದಿಂದ ಸಕಲೇಶಪುರ, ಶಿರಾಡಿ ಮೇಲೆ ಹೋಗೋದೇ ರೂಢಿ. ಆದರೆ ಲಾರಿಗಳ ಸಾಲಿನ ಹಿಂದೆ ತೆವಳೋದು ಬೇಡ ಅಂತ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಅಂತ ದಾರಿ ಹಾಕಿಕೊಂಡೆವು. ನನ್ನ ಕಾರು ಬೆಂಗಳೂರಲ್ಲಿತ್ತು, ನಾನು ರಾತ್ರಿ ಬಸ್ಸಲ್ಲಿ ಬಂದಿದ್ದೆ. ಹಾಗಾಗಿ ಅಪ್ಪನ ಕಾರೇ ಗತಿ. ಪುಟ್ಟ ಪೆಟ್ರೋಲ್ ಕಾರು, ವಯಸ್ಸು 20 ದಾಟಿದೆ. 15 ವರ್ಷ ಆದಮೇಲೆ ಆರ್‌ಟಿಒ ಮುಂದೆ ನಿಲ್ಲಿಸಿ ಎರಡು ಸಲ ಆರ್‌ಸಿ ರಿನ್ಯೂ ಮಾಡಿಸಿದ್ದಾರೆ. "ಮಾರಿಬಿಡಿ ಅಪ್ಪ" ಅಂದ್ರೆ ಒಂದು ವಾರ ಫೋನಲ್ಲಿ ಮಾತು ಕಡಿಮೆ ಆಗುತ್ತೆ.

ನಿಮ್ಮ ಮನೇಲೂ ಇಂಥ ಒಂದು ಕಾರು ಇರಬಹುದು. ಇರದಿದ್ದರೂ ಇಂಥ ಒಬ್ಬ ಅಪ್ಪ ಅಂತೂ ಇದ್ದೇ ಇರ್ತಾರೆ. ಅದಕ್ಕೇ ಬರೀತಿದೀನಿ.

ಬೇಲೂರಿನ ಹಂಪ್

ಬೇಲೂರು ಪೇಟೆ ಹತ್ತಿರ ಬರ್ತಿದ್ದ ಹಾಗೆ ಒಂದು ಹಂಪ್. ಅಭ್ಯಾಸಬಲದಲ್ಲಿ ಬ್ರೇಕ್ ಮೇಲೆ ಕಾಲಿಟ್ಟೆ. ಇಟ್ಟಿಗೆ ಮೇಲೆ ಕಾಲಿಟ್ಟ ಹಾಗಾಯ್ತು. ಪೆಡಲ್ ಒಂದಿಷ್ಟು ಅಲುಗಿ ಅಲ್ಲೇ ನಿಂತುಬಿಡ್ತು. ಸೀಟಿಗೆ ಬೆನ್ನು ಒತ್ತಿ, ಬಲವಾಗಿ ತುಳಿದ ಮೇಲೆ ಕಾರು ನಿಧಾನವಾಯ್ತು. ಹಂಪನ್ನು ಸ್ವಲ್ಪ ಜೋರಾಗೇ ಹಾರಿದೆವು. ಹಿಂದಿನ ಸೀಟಿಂದ ಅಮ್ಮ "ನಿಧಾನ ಕಣೋ" ಅಂದರು.

"ಅಪ್ಪ, ಬ್ರೇಕ್ ಯಾಕೆ ಇಷ್ಟು ಗಟ್ಟಿ ಇದೆ?"

"ಹಳೇ ಗಾಡಿ, ಹಾಗೇ ಇರುತ್ತೆ. ನಿಮ್ಮ ಹೊಸ ಕಾರು ಓಡ್ಸಿ ನಿಂಗೆ ಹಾಗನ್ಸುತ್ತೆ."

ಆ ಮಾತಲ್ಲೂ ಸ್ವಲ್ಪ ನಿಜ ಇದೆ. ಒಂದು ಕಾರಿಂದ ಇನ್ನೊಂದಕ್ಕೆ ಹತ್ತಿದಾಗ ಕ್ಲಚ್ಚು, ಬ್ರೇಕು ಎಲ್ಲ ಬೇರೆ ಥರ ಅನ್ನಿಸುತ್ತೆ. ನಾನು ಸುಮ್ಮನಾದೆ. ಬೇಲೂರು ದಾಟಿ ಕಾಫಿ ತೋಟಗಳು ಶುರುವಾದವು. ಗಿಡಗಳಲ್ಲಿ ಹಣ್ಣು ಕೆಂಪಾಗ್ತಿತ್ತು, ಸಿಲ್ವರ್ ಓಕ್ ಮರಗಳ ಮೇಲೆ ಮೆಣಸಿನ ಬಳ್ಳಿ. ರಸ್ತೆ ಏರುತ್ತ ತಿರುಗುತ್ತ ಹೋಗುವಾಗ ಪ್ರತಿ ತಿರುವಿನಲ್ಲೂ ನನ್ನ ತೊಡೆ ನೋಯತೊಡಗಿತು. ಮೂಡಿಗೆರೆ ಹ್ಯಾಂಡ್‌ಪೋಸ್ಟ್ ಹತ್ತಿರ ನಿಲ್ಲಿಸಿದಾಗ ಇನ್ನೊಂದು ಗಮನಿಸಿದೆ: ಎಂಜಿನ್ ಐಡಲ್ ಸಮ ಇರಲಿಲ್ಲ. ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ, ಗಂಟಲು ಕಟ್ಟಿದವರ ಹಾಗೆ.

"ಅದಕ್ಕೆ ಎರಡು ಸಲ ಟ್ಯೂನಿಂಗ್ ಮಾಡ್ಸಿದೀನಿ" ಅಂದರು ಅಪ್ಪ. ಆಮೇಲೆ ಕಿಟಕಿ ಕಡೆ ನೋಡ್ತಾ, "ಬ್ರೇಕ್ ಏನಲ್ಲ ಕಣೋ, ನನ್ನ ಕಾಲಲ್ಲಿ ಶಕ್ತಿ ಹೋಗಿದೆ. ಮೂರು ನಾಲ್ಕು ತಿಂಗಳಿಂದ ತುಳಿಯಕ್ಕೆ ಆಗ್ತಿಲ್ಲ. ಅದಕ್ಕೇ ನಿಂಗೆ ಕೊಟ್ಟಿದ್ದು. ವಯಸ್ಸಾಯ್ತಲ್ಲ" ಅಂದರು.

ಅಮ್ಮ ಏನೂ ಮಾತಾಡಲಿಲ್ಲ. ಅವರಿಗೆ ಗೊತ್ತಿತ್ತು ಅಂತ ಆಮೇಲೆ ತಿಳೀತು. ರಾತ್ರಿ ಹೊತ್ತು ಕಾರು ತೆಗೆಯೋದು ನಿಲ್ಲಿಸಿದ್ದರಂತೆ. ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗ್ತಿದ್ದರಂತೆ. ನನಗೆ ಫೋನಲ್ಲಿ ಯಾರೂ ಹೇಳಿರಲಿಲ್ಲ.

ಕೊಟ್ಟಿಗೆಹಾರದಲ್ಲಿ ಮೂರು ಪರೀಕ್ಷೆ

ಮೂಡಿಗೆರೆಯಿಂದ ಬಣಕಲ್ ದಾಟಿದರೆ ಕೊಟ್ಟಿಗೆಹಾರ. ಈ ದಾರಿಯಲ್ಲಿ ಓಡಾಡೋರಿಗೆಲ್ಲ ಇಲ್ಲಿ ನಿಲ್ಲೋದು ಒಂದು ಕಟ್ಟಳೆ ಇದ್ದ ಹಾಗೆ. ಒಂದು ರಸ್ತೆ ಕಳಸ, ಹೊರನಾಡಿನ ಕಡೆಗೆ, ಇನ್ನೊಂದು ಘಾಟಿ ಇಳಿದು ಉಜಿರೆ ಕಡೆಗೆ. ಪೂರ್ಣಚಂದ್ರ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನವೂ ಇಲ್ಲೇ ಇದೆ. ನಮ್ಮ ಗೊರೂರು ಅಣೆಕಟ್ಟೆ ತುಂಬಿಸೋ ಹೇಮಾವತಿ ಹುಟ್ಟೋದೂ ಇದೇ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಈ ಕಡೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಗೆ, ಘಾಟಿಯ ಆ ಕಡೆ ಬಿದ್ದಿದ್ದು ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ.

ನೀರುದೋಸೆ ತಿಂದು, ಕಾಫಿ ಕುಡಿದು ಕಾರಿನ ಹತ್ತಿರ ಬಂದಾಗ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಮುಂದೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಬರೀ ಇಳಿಜಾರು, ಹೇರ್‌ಪಿನ್ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. 2019ರ ಆಗಸ್ಟ್ ಮಳೆಗೆ ಹಲವು ಕಡೆ ಗುಡ್ಡ ಕುಸಿದು ಸಂಚಾರವೇ ನಿಂತಿದ್ದ ರಸ್ತೆ ಇದು. "ನಿಧಾನಕ್ಕೆ ಹೋದ್ರಾಯ್ತು, ಬಾ" ಅಂದರು ಅಪ್ಪ. ನಾನು "ಹತ್ತು ನಿಮಿಷ ಇರಿ ಅಪ್ಪ" ಅಂದೆ.

ಆಫೀಸಲ್ಲಿ ಯಾವುದಾದರೂ ಸಿಸ್ಟಮ್ ಕೈಕೊಟ್ಟರೆ ನಾವು ಮೊದಲು ಮಾಡೋದು ಒಂದೇ: ತೊಂದರೆ ಎಲ್ಲಿಲ್ಲ ಅಂತ ಒಂದೊಂದೇ ಜಾಗ ತೆಗೆದು ಹಾಕೋದು. ಬ್ರೇಕಿಗೂ ಅದನ್ನೇ ಮಾಡಬಹುದು. ಯಾವ ಟೂಲೂ ಬೇಡ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರು ನ್ಯೂಟ್ರಲ್‌ನಲ್ಲಿಡಿ.

ಒಂದು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಅದು ಗಟ್ಟಿಯಾಗುತ್ತೆ. ಗಟ್ಟಿಯಾದ ಪೆಡಲ್ ಮೇಲೆ ಕಾಲು ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಸರಿ ಇರೋ ಕಾರಿನಲ್ಲಿ ಕಾಲಿನ ಕೆಳಗೆ ಪೆಡಲ್ ಸ್ವಲ್ಪ ತಾನಾಗೇ ಇಳಿಯುತ್ತೆ. ನಮ್ಮದು ಇಳಿಯಲಿಲ್ಲ.

ಎರಡು. ಒಂದೆರಡು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ. ಈಗ ನಿಧಾನವಾಗಿ ಪೆಡಲ್ ಒತ್ತಿ. ಮೊದಲ ಸಲ ಚೆನ್ನಾಗಿ ಕೆಳಗೆ ಹೋಗಬೇಕು, ಎರಡನೇ ಸಲ ಅದಕ್ಕಿಂತ ಕಡಿಮೆ, ಮೂರನೇ ಸಲ ಇನ್ನೂ ಕಡಿಮೆ. ಮೊದಲ ಸಲವೇ ಕಲ್ಲಿನ ಹಾಗಿದ್ದರೆ ಒಳಗೆ ವ್ಯಾಕ್ಯೂಮ್ ಉಳಿದಿಲ್ಲ ಅಂತ ಅರ್ಥ. ನಮ್ಮದು ಮೊದಲ ಸಲವೇ ಕಲ್ಲು.

ಮೂರು. ಎಂಜಿನ್ ಓಡ್ತಿರುವಾಗ ಪೆಡಲ್ ಒತ್ತಿ ಹಿಡಿದುಕೊಂಡೇ ಆಫ್ ಮಾಡಿ, ಅರ್ಧ ನಿಮಿಷ ಹಾಗೇ ಇರಿ. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ಎಲ್ಲೋ ಗಾಳಿ ಒಳಗೆ ಸೋರ್ತಿದೆ. ನಮ್ಮ ಕಾರಿನಲ್ಲಿ ಇದನ್ನು ನೋಡೋಕೆ ಅರ್ಥವೇ ಇರಲಿಲ್ಲ. ಮೊದಲೆರಡರಲ್ಲೇ ಫೇಲಾಗಿತ್ತು.

ಅಪ್ಪ ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡ್ತಿದ್ದರು. "ಕಾರು ನಿಂತಿದೆಯಲ್ಲೋ, ನಿಂತ ಕಾರಲ್ಲಿ ಬ್ರೇಕ್ ಏನು ನೋಡ್ತೀಯ?" ಅಂದರು.

ಸೀಳಿದ ಪೈಪು

ಬಾನೆಟ್ ಎತ್ತಿದರೆ ಡ್ರೈವರ್ ಸೀಟಿನ ನೇರಕ್ಕೆ, ಹಿಂದಿನ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಕಪ್ಪು ದುಂಡನೆಯ ಡಬ್ಬಿ ಕಾಣುತ್ತೆ, ಎರಡು ತಟ್ಟೆ ಮುಖಾಮುಖಿ ಮುಚ್ಚಿದ ಹಾಗೆ. ಅದೇ ಬ್ರೇಕ್ ಬೂಸ್ಟರ್. ಅದರೊಳಗೆ ರಬ್ಬರಿನ ಪರದೆ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗೋ ವ್ಯಾಕ್ಯೂಮನ್ನು ಒಂದು ಪೈಪಿನ ಮೂಲಕ ಈ ಡಬ್ಬಿಗೆ ಕೊಟ್ಟಿರ್ತಾರೆ. ನಾವು ಪೆಡಲ್ ಒತ್ತಿದ ಕೂಡಲೇ ಪರದೆಯ ಒಂದು ಕಡೆಗೆ ಹೊರಗಿನ ಗಾಳಿ ನುಗ್ಗುತ್ತೆ, ಇನ್ನೊಂದು ಕಡೆ ವ್ಯಾಕ್ಯೂಮ್ ಇರುತ್ತೆ. ಗಾಳಿ ಪರದೆಯನ್ನು ತಳ್ಳುತ್ತೆ, ಪರದೆ ಬ್ರೇಕನ್ನು ತಳ್ಳುತ್ತೆ.

ಎಷ್ಟು ಬಲ? ಪರದೆಯ ಅಡ್ಡಳತೆ 20 ಸೆಂ.ಮೀ. ಅಂತ ಇಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಪ್ರತಿ ಚದರ ಸೆಂ.ಮೀ. ಮೇಲೆ ವಾತಾವರಣದ ಒತ್ತಡ ಹತ್ತಿರ ಹತ್ತಿರ 1 ಕೆ.ಜಿ. ಎಂಜಿನ್ ಅದರ ಮೂರನೇ ಎರಡರಷ್ಟು ವ್ಯಾಕ್ಯೂಮ್ ಕೊಟ್ಟರೂ 200 ಕೆ.ಜಿ. ಭಾರದಷ್ಟು ಬಲ. ಮೂವರು ದೊಡ್ಡವರು ನಮ್ಮ ಕಾಲಿನ ಜೊತೆ ಸೇರಿ ತಳ್ಳಿದ ಹಾಗೆ. ಆ ಮೂವರು ಕೆಲಸ ಬಿಟ್ಟು ಎದ್ದು ಹೋದರೆ ಎಲ್ಲ ಭಾರ ಒಂಟಿ ಕಾಲಿಗೆ ಬೀಳುತ್ತೆ. ಬ್ರೇಕ್ ಆಗ್ಲೂ ಹಿಡಿಯುತ್ತೆ, ಆದರೆ ಮೈಭಾರವೆಲ್ಲ ಹಾಕಬೇಕು.

ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಸಣ್ಣಗೆ "ಸ್ಸ್..." ಅನ್ನೋ ಸದ್ದು. ಬೂಸ್ಟರಿಗೆ ಹೋಗೋ ಬೆರಳು ಗಾತ್ರದ ರಬ್ಬರ್ ಪೈಪನ್ನು ಎಂಜಿನ್ ಕಡೆಯ ತುದಿಯಲ್ಲಿ ಬೆರಳಿಂದ ಬಾಗಿಸಿ ನೋಡಿದರೆ ಕೆಳಭಾಗದಲ್ಲಿ ಉದ್ದಕ್ಕೆ ಸೀಳು. ಮೇಲಿಂದ ನೋಡಿದರೆ ಕಾಣ್ತಾನೇ ಇರಲಿಲ್ಲ. ಎಳನೀರಿನ ಸ್ಟ್ರಾ ಸೀಳಿದ್ದರೆ ಎಷ್ಟು ಹೀರಿದರೂ ಬಾಯಿಗೆ ಗಾಳಿಯೇ ಬರುತ್ತಲ್ಲ, ಹಾಗೆ. ಅದೇ ಸೀಳಿನಿಂದ ಎಂಜಿನ್ನಿಗೆ ಲೆಕ್ಕಕ್ಕಿಲ್ಲದ ಗಾಳಿ ಹೋಗಿ ಐಡಲ್ ಕೆಟ್ಟಿತ್ತು. ಎರಡು ಸಲ ಟ್ಯೂನಿಂಗ್ ಮಾಡಿದವರು ಐಡಲ್ ಸ್ಕ್ರೂ ತಿರುಗಿಸಿ ಕಳಿಸಿದ್ದರೇ ಹೊರತು ಅದು ಯಾಕೆ ಕೆಟ್ಟಿದೆ ಅಂತ ನೋಡಿರಲಿಲ್ಲ.

ಅಲ್ಲೇ ಹತ್ತಿರ ಪಂಕ್ಚರ್ ಜೊತೆಗೆ ಸಣ್ಣಪುಟ್ಟ ರಿಪೇರಿ ಮಾಡೋ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಪೈಪ್ ಬಿಚ್ಚಿ, ಸೀಳಿದ್ದ ತುದಿಯನ್ನು ಒಂದಿಂಚು ಕತ್ತರಿಸಿ, ಗಟ್ಟಿ ಭಾಗವನ್ನು ಮತ್ತೆ ಕೂರಿಸಿ ಹೊಸ ಕ್ಲಿಪ್ ಬಿಗಿದರು. ಉದ್ದ ಸಾಕಾಗಿದ್ದು ನಮ್ಮ ಪುಣ್ಯ. ಪೈಪಿನ ಮಧ್ಯೆ ಇರೋ ಒನ್‌ವೇ ವಾಲ್ವನ್ನು ಬಾಯಿಂದ ಊದಿ ನೋಡಿದರು: ಒಂದೇ ಕಡೆಗೆ ಗಾಳಿ ಹೋಗಬೇಕು, ಹೋಗ್ತಿತ್ತು. "ಯಜಮಾನ್ರೇ, ಇದು ಧರ್ಮಸ್ಥಳಕ್ಕೆ ಹೋಗಿ ಬರೋಕೆ ಸಾಕು. ರಬ್ಬರ್ ಎಲ್ಲ ಒಣಗಿದೆ, ಊರಿಗೆ ಹೋಗಿ ಪೈಪ್ ಪೂರ್ತಿ ಹೊಸದು ಹಾಕ್ಸಿ" ಅಂದರು ಅಪ್ಪನಿಗೆ.

"ಅಪ್ಪ, ನೀವೇ ಕೂತು ನೋಡಿ" ಅಂದೆ.

ಅಪ್ಪ ಡ್ರೈವರ್ ಸೀಟಲ್ಲಿ ಕೂತರು. ನಾನು ಹೇಳಿದ ಹಾಗೆ ನಾಲ್ಕೈದು ಸಲ ಒತ್ತಿ, ಕಾಲು ಇಟ್ಟುಕೊಂಡೇ ಕೀ ತಿರುಗಿಸಿದರು. ಎಂಜಿನ್ ಹೊತ್ತಿಕೊಳ್ತು. ಅವರ ಕಾಲು ಪೆಡಲ್ ಸಮೇತ ಒಂದಿಷ್ಟು ಕೆಳಗೆ ಹೋಯ್ತು. ಅವರು ಬಗ್ಗಿ ಕಾಲು ನೋಡಿಕೊಂಡರು. ಇನ್ನೊಂದು ಸಲ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು.

"ಹಾಗಾದ್ರೆ ಕಾಲಲ್ಲ" ಅಂದರು.

ಪೆಡಲ್ ಹೇಳುವ ಮಾತು

ಆ ಮೆಕ್ಯಾನಿಕ್ ಜೊತೆ ಮಾತಾಡಿದ್ದು, ಆಮೇಲೆ ನಾನು ಓದಿಕೊಂಡಿದ್ದು ಎಲ್ಲ ಸೇರಿಸಿ ಹೇಳ್ತೀನಿ. ಬ್ರೇಕಿಗೆ ಏನಾಗಿದೆ ಅನ್ನೋದನ್ನು ಪೆಡಲ್ಲೇ ಅರ್ಧ ಹೇಳುತ್ತೆ.

ಕಾರು ನಿಂತಿದ್ದಾಗಲೂ, ಎಂಜಿನ್ ಓಡ್ತಿದ್ದರೂ ಪೆಡಲ್ ಕಲ್ಲಿನ ಹಾಗಿದ್ದರೆ ಮೊದಲು ವ್ಯಾಕ್ಯೂಮ್ ಪೈಪು, ಒನ್‌ವೇ ವಾಲ್ವು, ಆಮೇಲೆ ಬೂಸ್ಟರ್ ನೋಡಬೇಕು. ಪೆಡಲ್ ಒತ್ತಿದಷ್ಟು ಹೊತ್ತೂ ಕಾಲಿನ ಹತ್ತಿರ ಬುಸುಗುಟ್ಟಿದರೆ ಬೂಸ್ಟರಿನ ಪರದೆಯೇ ಹರಿದಿರಬಹುದು. ಡೀಸೆಲ್ ಕಾರಿನಲ್ಲಿ ವ್ಯಾಕ್ಯೂಮಿಗೆ ಬೇರೆ ಪಂಪ್ ಇರುತ್ತೆ, ಅದನ್ನೂ ನೋಡಬೇಕು. ಎಲ್ಲಕ್ಕಿಂತ ಅಗ್ಗದ್ದು ಪೈಪು, ದುಬಾರಿ ಬೂಸ್ಟರ್. ಯಾರಾದ್ರೂ ನೇರ "ಬೂಸ್ಟರ್ ಬದಲಾಯಿಸಿ" ಅಂದರೆ, ಪೈಪ್ ನೋಡಿದ್ರಾ ಅಂತ ಒಂದು ಮಾತು ಕೇಳಿ.

ಬೂಸ್ಟರ್ ಪರೀಕ್ಷೆ ಪಾಸಾಗಿಯೂ, ಗಟ್ಟಿಯಾಗಿ ಒತ್ತಿದರೂ ಕಾರು ನಿಲ್ಲೋದಿಲ್ಲ ಅಂದ್ರೆ ತೊಂದರೆ ಚಕ್ರಗಳಲ್ಲಿದೆ: ಸವೆದ ಅಥವಾ ಕಾಯ್ದು ನುಣುಪಾದ ಪ್ಯಾಡು, ತುಕ್ಕು ಹಿಡಿದು ಸಿಕ್ಕಿಕೊಂಡ ಕ್ಯಾಲಿಪರ್, ಒಳಗೇ ಊದಿ ಮುಚ್ಚಿಕೊಂಡ ಬ್ರೇಕ್ ಹೋಸ್. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಇವುಗಳ ಮೇಲೇ ಅನುಮಾನ.

ಪೆಡಲ್ ಮೆತ್ತಗೆ, ಸ್ಪಂಜಿನ ಹಾಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋದರೆ ಎಲ್ಲೋ ಬ್ರೇಕ್ ಆಯಿಲ್ ಸೋರ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೆ ಕೆಟ್ಟಿದೆ. ಆಗ ಆ ಕಾರನ್ನು ಓಡಿಸೋದೇ ಬೇಡ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತೆ. ಡಾಟ್ 3 ಅನ್ನೋ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ಊರೊಳಗೆ ಈ ವ್ಯತ್ಯಾಸ ಗೊತ್ತಾಗೋದೇ ಇಲ್ಲ, ಘಾಟಿಯಲ್ಲಿ ಗೊತ್ತಾಗುತ್ತೆ. ಆಯಿಲ್ ಕುದ್ದರೆ ಗುಳ್ಳೆ ಏಳುತ್ತೆ, ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಇದಕ್ಕೇ.

ಇಳಿಜಾರು

ರಿಪೇರಿ ಆದ ಕೂಡಲೇ ಘಾಟಿ ಇಳಿಯಲಿಲ್ಲ. ಬಣಕಲ್ ಕಡೆಗೆ ಎರಡು ಕಿಲೋಮೀಟರ್ ವಾಪಸ್ ಹೋಗಿ, ಹಿಂದೆ ಗಾಡಿ ಇಲ್ಲದ ಕಡೆ ನಾಲ್ಕೈದು ಸಲ ಬ್ರೇಕ್ ಹಾಕಿ ನೋಡಿ ಬಂದೆ. ಮೂರನೇ ಪರೀಕ್ಷೆಯನ್ನೂ ಆಗ ಮಾಡಿದೆ, ಪೆಡಲ್ ಅಲುಗಲಿಲ್ಲ. ಆಮೇಲೆ ಸೆಕೆಂಡ್ ಗೇರಿನಲ್ಲಿ ಇಳಿಯತೊಡಗಿದೆವು.

ಘಾಟಿಯ ಲೆಕ್ಕ ಸರಳ. ಜನ, ಲಗೇಜ್ ಸೇರಿ ಸಾವಿರ ಕೆ.ಜಿ.ಯ ಕಾರು 700 ಮೀಟರ್ ಕೆಳಗೆ ಇಳಿಯುತ್ತೆ ಅಂದುಕೊಳ್ಳಿ. ಆ ಶಕ್ತಿಯೆಲ್ಲ ಬ್ರೇಕಿನಲ್ಲೇ ಬಿಸಿಯಾಗಿ ಹೋಗಬೇಕು ಅಂದರೆ, ಇಪ್ಪತ್ತು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯೋ ಹಂತಕ್ಕೆ ತರುವಷ್ಟು ಬಿಸಿ. ಎರಡು ಬಿಂದಿಗೆ ನೀರು ಅಂತ ಇಟ್ಟುಕೊಳ್ಳಿ. ಕೆಳಗಿನ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತೆ. ಬ್ರೇಕ್ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡೇ ಇಳಿಯೋದಕ್ಕಿಂತ, ಬೇಕಾದಲ್ಲಿ ಗಟ್ಟಿಯಾಗಿ ಹಾಕಿ ಪೂರ್ತಿ ಬಿಡೋದು ಮೇಲು. ನಡುವೆ ಬ್ರೇಕಿಗೆ ಉಸಿರಾಡೋಕೆ ಸಮಯ ಸಿಗುತ್ತೆ.

"ನಾವು ಆಗೆಲ್ಲ ಇಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟುಬಿಡ್ತಿದ್ವಿ, ಪೆಟ್ರೋಲ್ ಉಳಿಯುತ್ತೆ ಅಂತ" ಅಂದರು ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. ಈಗ ನನಗೆ ಬೆವರು ಬಂತು. ಎಂಜಿನ್ ಆಫ್ ಆದರೆ ಬೂಸ್ಟರಿನಲ್ಲಿ ಉಳಿದಿರೋ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತೋದಕ್ಕೆ ಮಾತ್ರ. ನಾಲ್ಕನೇ ತಿರುವಿನಲ್ಲಿ ಪೆಡಲ್ ಕಲ್ಲಾಗುತ್ತೆ. ಅದನ್ನು ಹೇಳಿದೆ. "ಓಹೋ, ಅದಕ್ಕೇ ಗಟ್ಟಿಯಾಗ್ತಿತ್ತಾ!" ಅಂದರು. ಹಿಂದಿನಿಂದ ಅಮ್ಮ, "ನನ್ನನ್ನೂ ಕೂರಿಸಿಕೊಂಡು ಹಂಗೇ ಮಾಡ್ತಿದ್ರೇನ್ರೀ?" ಅಂದರು. ಅಪ್ಪ ಕಣಿವೆ ನೋಡತೊಡಗಿದರು.

ಘಾಟಿಯ ನಡುವೆ ಅಣ್ಣಪ್ಪ ಸ್ವಾಮಿ ಗುಡಿ. ಇಲ್ಲಿ ಓಡಾಡೋ ಡ್ರೈವರುಗಳು ಒಂದು ನಿಮಿಷವಾದರೂ ನಿಂತು ಕೈಮುಗಿದು ಹೋಗ್ತಾರೆ. ನಾವೂ ನಿಂತೆವು. ಅಮ್ಮ ಕಾಯಿ ಒಡೆಸೋ ಅಷ್ಟರಲ್ಲಿ ನಾನು ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದೆ, ಮುಟ್ಟದೆ. ಮುಂದಿನ ಎರಡೂ ಒಂದೇ ಸಮ ಬಿಸಿ, ಹಿಂದಿನವು ಅದಕ್ಕಿಂತ ಕಡಿಮೆ. ಜೋಡಿಯಲ್ಲಿ ಒಂದೇ ಚಕ್ರ ತಣ್ಣಗಿದ್ದರೆ ಅದು ಬ್ರೇಕ್ ಹಿಡಿಯುತ್ತಿಲ್ಲ, ಒಂದೇ ವಿಪರೀತ ಬಿಸಿಯಿದ್ದರೆ ಅದು ಬಿಡುತ್ತಿಲ್ಲ. ದೇವರಿಗೆ ನಿಂತ ಹತ್ತು ನಿಮಿಷದಲ್ಲಿ ಬ್ರೇಕೂ ತಣಿಯುತ್ತೆ. ಇಲ್ಲಿ ನಿಲ್ಲೋ ಪದ್ಧತಿ ಮಾಡಿದವರಿಗೆ ನಮಸ್ಕಾರ.

ವಾಪಸ್

ದರ್ಶನ, ಊಟ, ನೇತ್ರಾವತಿ ಸ್ನಾನಘಟ್ಟ ಎಲ್ಲ ಆಗಿ ಮರುದಿನ ಬೆಳಿಗ್ಗೆ ಹೊರಟೆವು. ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದ್ದಾಗ ಅಪ್ಪ ಕೈ ಚಾಚಿದರು. "ಕೀ ಕೊಡು."

ಕೊಟ್ಟೆ. ಚಾರ್ಮಾಡಿ ಊರು ದಾಟಿ ರಸ್ತೆ ಏರತೊಡಗಿದಾಗ ಅಪ್ಪ ಹಳೇ ಅಪ್ಪನ ಹಾಗೇ ಓಡಿಸ್ತಿದ್ದರು. ತಿರುವಿಗೆ ಮುಂಚೆ ಹಾರನ್, ಎದುರು ಬಸ್ ಬಂದರೆ ಪಕ್ಕಕ್ಕೆ ಸರಿದು ಕಾಯೋದು, ನಾನು ಪಕ್ಕದಲ್ಲಿ ಕೂತು ಏನಾದ್ರೂ ಹೇಳಿದರೆ "ಗೊತ್ತಿದೆ ಸುಮ್ನಿರು" ಅನ್ನೋದು.

ಆ ವಾರವೇ ಹಾಸನದಲ್ಲಿ ಹೊಸ ಪೈಪ್ ಹಾಕಿಸಿದರು. ಬ್ರೇಕ್ ಆಯಿಲ್ ಕೊನೆಗೆ ಯಾವಾಗ ಬದಲಾಗಿತ್ತು ಅಂತ ಯಾರಿಗೂ ನೆನಪಿರಲಿಲ್ಲ, ಅದನ್ನೂ ಬದಲಾಯಿಸಿದರು. ಐಡಲ್ ತಾನಾಗೇ ಸರಿಹೋಯ್ತು.

ಆ ಪೈಪು ಒಂದೇ ದಿನ ಸೀಳಿದ್ದಲ್ಲ. ದಿನಾ ಒಂದು ಕೂದಲೆಳೆಯಷ್ಟು ಸೀಳಿ, ದಿನಾ ಒಂದು ಚೂರು ಹೆಚ್ಚು ಬಲ ಕೇಳಿದೆ. ದಿನಾ ಓಡಿಸೋರಿಗೆ ಅದು ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಅವರು ಕಾರನ್ನು ಬಿಟ್ಟು ತಮ್ಮ ಕಾಲನ್ನೇ ಅನುಮಾನಿಸಿರ್ತಾರೆ. ಬೆಂಗಳೂರಿಂದ ಅಪರೂಪಕ್ಕೆ ಬರೋ ನನ್ನಂಥವನಿಗೆ ಒಂದೇ ಹಂಪಿನಲ್ಲಿ ಗೊತ್ತಾಯ್ತು. ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಕಾರನ್ನೋ ಮಾವನ ಕಾರನ್ನೋ ತಗೊಂಡು ಅಂಗಡಿ ತನಕ ಒಂದು ಸುತ್ತು ಹೋಗಿ ಬನ್ನಿ. ಮನೆ ಮುಂದೆ ನಿಲ್ಲಿಸಿ, ಆಫ್ ಮಾಡಿ, ನಾಲ್ಕು ಸಲ ಒತ್ತಿ, ಕಾಲಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಒಂದು ನಿಮಿಷದ ಕೆಲಸ.

ಹೋದ ವಾರ ಫೋನ್ ಮಾಡಿದಾಗ ಅಪ್ಪ ಮನೇಲಿ ಇರಲಿಲ್ಲ. "ಮಾರ್ಕೆಟ್ಟಿಗೆ ಹೋಗಿದಾರೆ" ಅಂದರು ಅಮ್ಮ. ರಾತ್ರಿ ಎಂಟು ಗಂಟೆ.

"ಆಟೋದಲ್ಲಾ?" ಅಂತ ಕೇಳಿದೆ.

"ಆಟೋ ಎಲ್ಲಿಂದ ಬಂತು, ಕಾರಲ್ಲೇ" ಅಂದರು.